ಮಂದಕಾಂತಿಯ ಉಕ್ಕು

ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆಯ ತೋಟಗಳಲ್ಲಿ ಮಳೆಗಾಲವೆಂದರೆ ಮನೆಯ ಗೋಡೆಯೂ ಬೆವರುವ ಕಾಲ. ಕಪ್ಪೇರಿಸಿದ ಉಕ್ಕು ಅಲ್ಲಿ ವರ್ಷದೊಳಗೆ ತುಕ್ಕಿಗೆ ವಶವಾಗುವುದನ್ನು ಕಂಡೇ ನನ್ನ ಸೋದರಮಾವನವರು ಸ್ಟೇನ್‌ಲೆಸ್ ಉಕ್ಕಿನ .32 ರಿವಾಲ್ವರನ್ನು ಆರಿಸಿದ್ದರು. ಅವರ ತರುವಾಯ, ನನ್ನ ಹೆಸರಿನ ಪರವಾನಗಿಯ ಮೇಲೆ, ನನ್ನ ಪಾಲಿಗೆ ಬಂದ ಆ ಆಯುಧದ ಮೈ ಹೊಳೆಯುವಂಥದಲ್ಲ. ಮೋಡ ಕವಿದ ಬೆಳಗಿನಂತೆ ಮಂದವಾದ ಕಾಂತಿಯದು.

2024ರ ಲೋಕಸಭಾ ಚುನಾವಣೆಗೆ ಹಾಸನ ಕ್ಷೇತ್ರದಲ್ಲಿ ಏಪ್ರಿಲ್ 26ರಂದು ಮತದಾನವಾಯಿತು. ಚುನಾವಣೆಯ ಹೊತ್ತಿಗೆ ಪರವಾನಗಿದಾರರು ಆಯುಧ ಒಪ್ಪಿಸುವ ವಾಡಿಕೆಯಂತೆ, ಅದಕ್ಕೆ ಮುಂಚೆಯೇ ನಾನು ರಿವಾಲ್ವರನ್ನು ಪೊಲೀಸ್ ಠಾಣೆಯಲ್ಲಿ ಠೇವಣಿಯಿಟ್ಟಿದ್ದೆ. ಹಿಂದಕ್ಕೆ ಪಡೆಯಲು ಹೋದ ದಿನ, ಉಗ್ರಾಣದ ಉಸ್ತುವಾರಿಯ ಮಹಾಶಯರು ತೋಟಾಕೋವಿಗಳ ರಾಶಿಯ ಅಡಿಯಿಂದ ಅದನ್ನು ಎಳೆದು ಮೇಜಿನ ಮೇಲಿಟ್ಟಾಗ, ಸಂಖ್ಯೆಯ ಚೀಟಿಯನ್ನು ನಳಿಕೆಗೆ ಕಬ್ಬಿಣದ ತಂತಿಯಿಂದ ಬಿಗಿದಿದ್ದುದು ಕಂಡಿತು. ತಂತಿ ಬಿಚ್ಚಿದೆ. ಅದು ಉಜ್ಜಾಡಿದ ಕಡೆಯೆಲ್ಲ ಅಡ್ಡಡ್ಡಲಾಗಿ ಏಳೆಂಟು ಬಿಳಿಯ ಗೆರೆಗಳು! “ಉಪಯೋಗಿಸುವ ವಸ್ತುವಲ್ಲವೇ ಸ್ವಾಮಿ, ಸಹಿ ಮಾಡಿ” ಎಂದರು. ನೂಲಿನಿಂದ ಕಟ್ಟಬಹುದಾಗಿದ್ದ ಚೀಟಿಯನ್ನು ತಂತಿಯಿಂದ ಕಟ್ಟಿದ ಆ ಅಲಕ್ಷ್ಯವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಆದರೆ ಹೆಚ್ಚಿನ ಅನರ್ಥವನ್ನು ಮಾಡಿದವನು ನಾನೇ. ಹಳೇಬೀಡಿನ ಪಾರ್ಶ್ವನಾಥ ಬಸದಿಯಲ್ಲಿ, ತಿರುಗಣಿಯಲ್ಲಿ ಕಡೆದು ಮುಖ ಕಾಣುವಷ್ಟು ನಯಗೊಳಿಸಿದ ಕಂಬಗಳನ್ನು ಬಾಲ್ಯದಿಂದ ನೋಡಿ ಬೆಳೆದ ನನಗೆ, ನುಣುಪೇ ಎಲ್ಲ ಕೆಲಸದ ಪರಮಾವಧಿಯೆಂಬ ಭಾವನೆ ಬೇರೂರಿತ್ತು. ಹಿತ್ತಾಳೆ ಪಾತ್ರೆ ಬೆಳಗುವ ದ್ರಾವಣವನ್ನು ಬಟ್ಟೆಗೆ ಹಚ್ಚಿ ಆ ಗೆರೆಗಳನ್ನು ರಾತ್ರಿ ಹನ್ನೊಂದರವರೆಗೆ ತಿಕ್ಕಿದೆ. “ಸಾಕು ಬಿಡಿ” ಎಂದ ಮಡದಿಯ ಮಾತಿಗೆ ಕಿವಿಗೊಡಲಿಲ್ಲ. ಗೆರೆಗಳೇನೋ ಮಸುಕಾದುವು, ಆದರೆ ಮಂದವಾದ ನಳಿಕೆಯ ನಡುವೆ ಹೆಬ್ಬೆರಳಗಲದ ಒಂದು ಕನ್ನಡಿ ಮೂಡಿ, ದೀಪದ ಬುರುಡೆಯನ್ನು ಅಣಕಿಸುವಂತೆ ಪ್ರತಿಬಿಂಬಿಸುತ್ತಿತ್ತು. ಮಾವನವರ ಮುಖಕ್ಕೇ ಮಸಿ ಬಳಿದೆನೆನಿಸಿ ಅಂದು ನಿದ್ರೆ ಬರಲಿಲ್ಲ.

ಅರಸೀಕೆರೆಯಲ್ಲಿ ಪರಿಚಿತರಾದ ಲೇತು ಕೆಲಸದವರೊಬ್ಬರಿದ್ದಾರೆ. ಪರವಾನಗಿಯಿಲ್ಲದವರ ಕೈಗೆ ಆಯುಧ ಕೊಡಲಾಗದಾದ್ದರಿಂದ, ಸಲಹೆ ಕೇಳಲು ಅದೇ ಬಗೆಯ ಮೈಯುಳ್ಳ ಉಕ್ಕಿನ ತಟ್ಟೆಯೊಂದನ್ನು ಒಯ್ದೆ. ಅವರು ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು, “ಗೌಡ್ರೇ, ಇದರ ಮೇಲೆ ಲೇಪವೇನೂ ಇಲ್ಲ, ಉಕ್ಕೇ ಹೀಗೆ. ಈ ಸಣ್ಣ ಎಳೆ ಯಾವ ಕಡೆಗೆ ಓಡಿದೆ ನೋಡಿ, ನಿಮ್ಮ ಕೈಯೂ ಆ ಕಡೆಗೇ ಓಡಬೇಕು” ಎಂದರು.

ಹಾಗೆಯೇ ಮಾಡಿದೆ. ಗುಂಡಿನ ಮನೆಗಳು ಆರೂ ಬರಿದಾಗಿವೆಯೆಂದು ಎರಡು ಬಾರಿ ನೋಡಿ, ಬೂದುಬಣ್ಣದ ನಯವಾದ ಸ್ಕಾಚ್‌ಬ್ರೈಟಿಗೆ ಎರಡು ತೊಟ್ಟು ಎಣ್ಣೆ ಹಾಕಿ, ನಳಿಕೆಯ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಹಗುರವಾಗಿ ಎಳೆಯುತ್ತ, ಗೆರೆಯ ಆಚೀಚೆಗೂ ಹರಡಿದೆ. ಕನ್ನಡಿ ಕ್ರಮೇಣ ಕರಗಿತು. ಸಾಧಾರಣ ಉಕ್ಕಿನ ಉಣ್ಣೆಯನ್ನು ಮುಟ್ಟಬಾರದು, ಅದರ ಕಣಗಳು ಉಳಿದು ತುಕ್ಕು ಹಿಡಿಯುತ್ತವೆ. ಕ್ರಮಸಂಖ್ಯೆಯ ಬಳಿಗಂತೂ ಹೋಗಲೇಬಾರದು; ಗುರುತುಗಳನ್ನು ಅಳಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಯ 8ನೆಯ ಕಲಮಿನಂತೆ ಅಪರಾಧ. ಗಾಜಿನ ಮಣಿಗಳನ್ನು ಸಿಡಿಸಿ ಮಂದಗೊಳಿಸಿದ, ಎಳೆಯಿಲ್ಲದ ಮೈಯಾದರೆ ಈ ಉಪಾಯ ಸಲ್ಲದು. ಪರವಾನಗಿಯುಳ್ಳ ಕೋವಿ ರಿಪೇರಿಯವರಲ್ಲಿಗೇ ಒಯ್ಯಬೇಕು.

ನಳಿಕೆಯ ತುದಿಯ ಬಳಿ ಆಳವಾಗಿ ಕೊರೆದ ಒಂದು ಗೆರೆಯನ್ನು ಹಾಗೆಯೇ ಬಿಟ್ಟಿದ್ದೇನೆ. ಮುಂದಿನ ಠೇವಣಿಗೆಂದು ದಪ್ಪ ಬಟ್ಟೆಯ ಚೀಲವೊಂದನ್ನು ಹೊಲಿಸಿಟ್ಟಿದ್ದೇನೆ. ಚೀಟಿ ಕಟ್ಟಲು ಅದರ ಬಾಯಿಗೆ ನೂಲಿನ ಲಾಡಿಯೂ ಇದೆ.