ಮಾದರಿ ಹಡಗು: ಕಿಟ್ ಅರ್ಧಕ್ಕೆ ನಿಲ್ಲದ ಹಾಗೆ

ಮರದ ಮಾದರಿ ಹಡಗು ಕಟ್ಟಲು ಹೊರಟ ಹೊಸಬರ ಕಣ್ಣು ಮೊದಲು ಬೀಳುವುದು ಸಾಮಾನ್ಯವಾಗಿ ಎಚ್‌ಎಂಎಸ್ ವಿಕ್ಟರಿಯ ಮೇಲೆ. 1765ರಲ್ಲಿ ನೀರಿಗಿಳಿದು, 1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ಅಡ್ಮಿರಲ್ ನೆಲ್ಸನ್‌ನ ಹಡಗಾಗಿದ್ದ ಇದು ಇಂದಿಗೂ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿದೆ. ಮೂರು ಕೂವೆಮರ, 104 ತೋಪು. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದವರಿಗೆ ಬೇರೆ ಯಾವ ಕಿಟ್ಟೂ ರುಚಿಸುವುದಿಲ್ಲ. ಅರ್ಧಕ್ಕೆ ನಿಂತು ಅಟ್ಟ ಸೇರುವ ಕಿಟ್‌ಗಳಲ್ಲೂ ಇಂಥ ದೊಡ್ಡ ಹಡಗುಗಳೇ ಹೆಚ್ಚು ಎಂಬುದು ಈ ಲೇಖಕನ ಅನುಭವ. ಒಂದು ತೋಪಿನ ಗಾಡಿಗೆ ನಾಲ್ಕು ಚಕ್ರ ಕೂರಿಸುವುದು ಯಾರಿಗೂ ಆದೀತು. ಅದೇ ಗಾಡಿಯನ್ನು ಮೂವತ್ತನೇ ಸಲ ಕೂರಿಸುವಾಗ ಬೇಸರ ಹತ್ತುತ್ತದೆ. ಹಗ್ಗಗಳ ಕೆಲಸಕ್ಕೆ ಬಂದರೆ ಗಂಟುಗಳೇ ಸಾವಿರಾರು.

ಆದ್ದರಿಂದ ಮೊದಲ ಹಡಗಿಗೆ ಒಂದೇ ಕೂವೆಮರ, ಕಡಿಮೆ ಹಗ್ಗ, ತೋಪಿಲ್ಲದ ಮೈ ಒಳ್ಳೆಯದು. ಅಮೆರಿಕದ ಮಾಡೆಲ್ ಶಿಪ್‌ವೇಸ್ ಕಂಪನಿ ಇದಕ್ಕೆಂದೇ ಮೂರು ದೋಣಿಗಳ ಸರಣಿಯೊಂದನ್ನು ತಂದಿದೆ: ಮೀನುಗಾರರ ಡೋರಿ, ನಾರ್ವೆಯ ಹಾಯಿದೋಣಿ, ಸೀಗಡಿಯ ದೊಡ್ಡಣ್ಣ ಲಾಬ್‌ಸ್ಟರ್ ಹಿಡಿಯುವ ಸ್ಮ್ಯಾಕ್. ಒಂದರಲ್ಲಿ ಕಲಿತದ್ದು ಮುಂದಿನದಕ್ಕೆ ಬೇಕಾಗುವಂತೆ ಇವನ್ನು ಹೊಂದಿಸಲಾಗಿದೆ. ಡೋರಿಯನ್ನು ಮುಗಿಸಿದವರು ವಿಕ್ಟರಿಯನ್ನೂ ಮುಗಿಸಬಹುದು, ಕೆಲವು ವರ್ಷ ತಡವಾಗಿ.

ಕಿಟ್‌ಗಳಲ್ಲಿ ಹಡಗಿನ ಮೈ ಸಾಮಾನ್ಯವಾಗಿ ಹೀಗೆ ಏಳುತ್ತದೆ: ಉದ್ದಕ್ಕೆ ಬೆನ್ನೆಲುಬಿನಂಥ ಕೀಲ್, ಅದರ ಸೀಳುಗಳಲ್ಲಿ ಅಡ್ಡಡ್ಡಲಾಗಿ ನಿಲ್ಲುವ ಬಲ್ಕ್‌ಹೆಡ್‌ಗಳು, ಅವುಗಳ ಮೇಲೆ ತೆಳು ಮರದ ಪಟ್ಟಿಗಳು. ಬಲ್ಕ್‌ಹೆಡ್‌ಗಳು ನೇರ ಅಂಚಿನೊಂದಿಗೆ ಬರುತ್ತವೆ. ಹಡಗಿನ ಮೂತಿಯ ಹತ್ತಿರ ಮೈ ಒಳಕ್ಕೆ ತಿರುಗುವುದರಿಂದ ಪಟ್ಟಿ ಆ ಅಂಚಿನ ಒಂದು ಮೂಲೆಗಷ್ಟೇ ತಾಗುತ್ತದೆ. ಅಂಟು ಹಿಡಿಯಲು ಜಾಗವೇ ಇರುವುದಿಲ್ಲ. ಅದಕ್ಕೆ ಪ್ರತಿ ಅಂಚನ್ನೂ ಉಪ್ಪುಕಾಗದದಿಂದ ಓರೆಯಾಗಿ ಉಜ್ಜಬೇಕು. ಸಾಕಾಯಿತೇ ಎಂದು ತಿಳಿಯಲು ಒಂದು ಪಟ್ಟಿಯನ್ನು ಅಂಟಿಲ್ಲದೆ ಮೂತಿಯಿಂದ ಹಿಂಭಾಗದವರೆಗೆ ಒತ್ತಿ ಹಿಡಿದು, ಹಿಂದಿನಿಂದ ದೀಪ ಹಾಕಿ ನೋಡುವುದು ಸುಲಭದ ಪರೀಕ್ಷೆ. ಎಲ್ಲಿ ಬೆಳಕು ತೂರುತ್ತದೋ ಅಲ್ಲಿ ಪಟ್ಟಿ ತಾಗಿಲ್ಲ. ಹೆಚ್ಚು ಉಜ್ಜಿ ತಗ್ಗಾದರೆ ತೆಳು ಚೂರೊಂದನ್ನು ಅಂಟಿಸಿ ಮತ್ತೆ ಉಜ್ಜಿದರಾಯಿತು. ಮೂತಿಯ ಮೊದಲ ಬಲ್ಕ್‌ಹೆಡ್‌ಗಳ ನಡುವೆ ಬಾಲ್ಸಾ ತುಂಡು ತುಂಬಿ ಆಕಾರಕ್ಕೆ ಉಜ್ಜಿಕೊಂಡರೆ ಬಾಗುವ ಪಟ್ಟಿಗೆ ಆಸರೆ ಸಿಗುತ್ತದೆ. ಈ ಕೆಲಸ ಹೊರಗೆ ಕಾಣುವುದಿಲ್ಲ, ಫೋಟೋದಲ್ಲೂ ಬರುವುದಿಲ್ಲ. ಆದರೂ ಮುಂದೆ ಸೊಗಸಾಗಿ ಕಾಣುವ ಮೈಯ ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಪಟ್ಟಿ ಕೂರಿಸುವ ಹಂತದಲ್ಲಿ ಹೊಸಬರು ಎಡವುವುದು ಒಂದೇ ಲೆಕ್ಕದಲ್ಲಿ. ಹಡಗಿನ ನಡುವೆ ಬಲ್ಕ್‌ಹೆಡ್‌ನ ಸುತ್ತಳತೆ ಹೆಚ್ಚು, ಮೂತಿಯಲ್ಲಿ ಕಡಿಮೆ. ಪಟ್ಟಿಗಳ ಸಂಖ್ಯೆ ಮಾತ್ರ ಎರಡೂ ಕಡೆ ಒಂದೇ. ಹಾಗಾಗಿ 5 ಮಿಲಿಮೀಟರ್ ಅಗಲದ ಪಟ್ಟಿ ಮೂತಿಯ ಕಡೆ 3 ಮಿಲಿಮೀಟರಿಗೆ ಸಣ್ಣದಾಗಬೇಕಾದೀತು. ಹಾಗೆ ಕೊರೆಯದೆ ಬಲವಂತವಾಗಿ ಬಾಗಿಸಿದರೆ ಪಟ್ಟಿಯ ಅಂಚು ಮೇಲೇಳುತ್ತದೆ. ಕಾಗದದ ಎಳೆಯೊಂದನ್ನು ಪ್ರತಿ ಬಲ್ಕ್‌ಹೆಡ್‌ಗೆ ಸುತ್ತಿ, ಉದ್ದ ಗುರುತು ಮಾಡಿ, ಪಟ್ಟಿಗಳ ಸಂಖ್ಯೆಯಿಂದ ಭಾಗಿಸಿದರೆ ಅಲ್ಲಲ್ಲಿಗೆ ಬೇಕಾದ ಅಗಲ ಸಿಗುತ್ತದೆ. ಅದು ಪೂರ್ತಿ ಅಗಲದ ಅರ್ಧಕ್ಕಿಂತ ಕಡಿಮೆ ಬಂದರೆ ಮೂತಿಯಲ್ಲಿ ಒಂದು ಪಟ್ಟಿಯನ್ನೇ ಬಿಟ್ಟು, ಪಕ್ಕದ ಎರಡನ್ನು ಕೂಡಿಸುವುದು ವಾಸಿ. ನಿಜವಾದ ಹಡಗು ಕಟ್ಟುವವರೂ ಮಾಡುತ್ತಿದ್ದುದು ಅದನ್ನೇ. ಪಟ್ಟಿಯನ್ನು ನೀರಲ್ಲಿ ನೆನೆಸಿ ಬಿಸಿ ತಾಗಿಸಿದರೆ ಸಲೀಸಾಗಿ ಬಾಗುತ್ತದೆ, ಆದರೆ ಒಣಗಿದ ಮೇಲೇ ಅಂಟಿಸಬೇಕು. ಎಡಕ್ಕೊಂದು ಕೂರಿಸಿದರೆ ಬಲಕ್ಕೊಂದು ಕೂರಿಸುತ್ತ ಹೋಗಬೇಕು. ಒಂದೇ ಮಗ್ಗುಲನ್ನು ಮುಗಿಸಿಬಿಟ್ಟರೆ ಕೀಲ್ ಆ ಕಡೆಗೆ ತಿರುಚಿಕೊಳ್ಳುತ್ತದೆ, ಆಮೇಲೆ ಅದನ್ನು ನೇರ ಮಾಡುವುದು ಬಹಳ ಕಷ್ಟ.

ಧೈರ್ಯ ತುಂಬುವ ಸಂಗತಿಯೂ ಇಲ್ಲೇ ಇದೆ. ಹಲವು ಕಿಟ್‌ಗಳಲ್ಲಿ ಮೈಗೆ ಎರಡು ಪದರ. ಮೊದಲ ಪದರ ದಪ್ಪ, ಮೆತುವಾದ ಮರದ್ದು. ಅದರ ಸಂದುಗಳನ್ನು ಫಿಲ್ಲರಿನಿಂದ ತುಂಬಿ ಉಜ್ಜಿದ ಮೇಲೆ ವಾಲ್‌ನಟ್‌ನಂಥ ತೆಳು ಎರಡನೇ ಪದರ ಎಲ್ಲವನ್ನೂ ಮುಚ್ಚುತ್ತದೆ. ಅಂದರೆ ಮೊದಲ ಮೈ ಪೂರ್ತಿ ಅಭ್ಯಾಸಕ್ಕೆಂದೇ ಸಿಕ್ಕ ಹಾಗೆ. ಅಂಟಿನ ತಪ್ಪೂ ಶಾಶ್ವತವಲ್ಲ. ಫೆವಿಕಾಲ್ ಜಾತಿಯ ಬಿಳಿ ಅಂಟು ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಮೆತ್ತಗಾಗುತ್ತದೆ, ಫೆವಿಕ್ವಿಕ್ ಜಾತಿಯದು ಅಸಿಟೋನ್‌ಗೆ. ಹೊರಪದರಕ್ಕೆ ಮಾತ್ರ ಫೆವಿಕ್ವಿಕ್ ಸುರಿಯಬಾರದು: ಅದು ಹರಿದ ಜಾಗ ಬಣ್ಣ ಹೀರದೆ ಕಲೆಯಾಗಿ ಉಳಿಯುತ್ತದೆ.

ನಿಜವಾದ ಹಡಗು ಯಾವ ಮರದ್ದೋ ಅದೇ ಮರ ಮಾದರಿಗೂ ಬೇಕೆಂಬ ಹಟ ಕೆಲವರಿಗೆ. ಮುಂಬಯಿಯಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ, ಈಗ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿರುವ ಎಚ್‌ಎಂಎಸ್ ಟ್ರಿಂಕೋಮಲಿ ತೇಗದ ಹಡಗು. ಹಾಗೆಂದು ಅದರ ಮಾದರಿಗೆ ತೇಗ ಹೊಂದುವುದಿಲ್ಲ. ಹಡಗನ್ನು ಎಷ್ಟು ಚಿಕ್ಕದು ಮಾಡಿದರೂ ಮರದ ಎಳೆ ಚಿಕ್ಕದಾಗುವುದಿಲ್ಲವಲ್ಲ. 1:72 ಅಳತೆಯ ಮಾದರಿಯಲ್ಲಿ ಅರ್ಧ ಮಿಲಿಮೀಟರಿನ ಗೆರೆಯೊಂದು ನಿಜ ಹಡಗಿನಲ್ಲಿ 36 ಮಿಲಿಮೀಟರಿನ ಬಿರುಕಿಗೆ ಸಮ. ಅನುಭವಿಗಳು ಪಿಯರ್, ಬಾಕ್ಸ್‌ವುಡ್‌ನಂಥ ನುಣುಪು ಎಳೆಯ ಮರಗಳನ್ನು ಹುಡುಕುವುದು ಇದೇ ಕಾರಣಕ್ಕೆ.

ಡೆಕ್ಕಿನ ಕೆಲಸ ಹಗುರ. ಹಲಗೆಗಳ ನಡುವಿನ ಕಪ್ಪು ಗೆರೆ ಬೇಕಾದರೆ ಪ್ರತಿ ಪಟ್ಟಿಯ ಅಂಚಿಗೆ ಮೆತು ಪೆನ್ಸಿಲ್ ಎಳೆದು ಅಂಟಿಸಿದರೆ ಸಾಕು.

ಹಗ್ಗಗಳಲ್ಲಿ ಎರಡು ಬಗೆ. ಕೂವೆಮರವನ್ನು ಬಿಗಿದು ನಿಲ್ಲಿಸುವ, ಅಲುಗಾಡದ ಹಗ್ಗಗಳಿಗೆ ಟಾರು ಬಳಿಯುತ್ತಿದ್ದುದರಿಂದ ಅವು ಕಪ್ಪು ಅಥವಾ ಕಡುಗಂದು. ಹಾಯಿ ಎಳೆಯುವ, ಓಡಾಡುವ ಹಗ್ಗಗಳು ತಿಳಿಬಣ್ಣದವು. ದಾರವನ್ನು ಜೇನುಮೇಣದ ಮೇಲೆ ಎಳೆದರೆ ಅದರ ನವಿರು ರೋಮ ಮಲಗುತ್ತದೆ. ಕೂವೆಮರಗಳಿಗೂ ಅಡ್ಡಕೋಲುಗಳಿಗೂ ಬೇಕಾದ ರಾಟೆಗಳನ್ನು ಅವು ಹಡಗಿಗೆ ಏರುವ ಮೊದಲೇ ಮೇಜಿನ ಮೇಲೆ ಕಟ್ಟಿಕೊಳ್ಳಬೇಕು. ಏರಿದ ಮೇಲೆ ಚಿಮಟ ಆಡಿಸಲು ಜಾಗವಿರುವುದಿಲ್ಲ. ನಾವಿಕರು ಹತ್ತುವ ಮೆಟ್ಟಿಲು ಹಗ್ಗಗಳಿಗೆ, ಸಮ ಅಂತರದಲ್ಲಿ ಗೆರೆ ಎಳೆದ ಕಾಗದವನ್ನು ಹಿಂದೆ ಸಿಕ್ಕಿಸಿಕೊಂಡು ಕ್ಲೋವ್ ಹಿಚ್ ಗಂಟು ಹಾಕುವುದು ವಾಡಿಕೆ. ಗಂಟು ಬಿಗಿಯುವ ಉತ್ಸಾಹದಲ್ಲಿ ಅಕ್ಕಪಕ್ಕದ ಹಗ್ಗಗಳು ಡಮರುವಿನ ನಡುವಿನಂತೆ ಒಳಕ್ಕೆ ಸೆಳೆದುಕೊಳ್ಳುತ್ತವೆ. ಕೆಲವು ಸಾಲಿಗೊಮ್ಮೆ ದೂರ ಸರಿದು ನೋಡದೆ ಇದು ಗೊತ್ತಾಗುವುದಿಲ್ಲ. ಸರಿಯಾಗಿದೆ ಎನಿಸಿದ ಮೇಲಷ್ಟೇ ನೀರು ಬೆರೆಸಿದ ಬಿಳಿ ಅಂಟನ್ನು ಗಂಟಿಗೆ ತಾಗಿಸಬೇಕು.

ಈ ಹವ್ಯಾಸದವರು ಪರಸ್ಪರ ಫೋಟೋ ತೋರಿಸಿಕೊಳ್ಳುವುದು ಹೆಚ್ಚು. ಹತ್ತಿರದಿಂದ ತೆಗೆದ ಫೋಟೋ ಬರಿಗಣ್ಣಿಗೆ ಕಾಣದ ಸಂದನ್ನೂ ಬಯಲಿಗೆಳೆಯುತ್ತದೆ. ಹೊಸಬರು ಅದನ್ನು ನೋಡಿ ಕೈಚೆಲ್ಲುವುದುಂಟು. ಆಗ ಬರಿಯ ‘ಭೇಷ್’ಗಿಂತ, ಎರಡನೇ ಬಲ್ಕ್‌ಹೆಡ್ ಬಳಿ ಪಟ್ಟಿ ಮೇಲೆದ್ದಿದೆ, ಅಲ್ಲಿ ಆಲ್ಕೊಹಾಲ್ ಹಚ್ಚಿ ಬಿಡಿಸಿ ಎಂಬ ಮಾತೇ ಕೆಲಸವನ್ನು ಮತ್ತೆ ಮೇಜಿಗೆ ತರುತ್ತದೆ.

ಮುಗಿದ ಹಡಗಿಗೆ ಗಾಜಿನ ಪೆಟ್ಟಿಗೆ ಬೇಕೇ ಬೇಕು. ಹಗ್ಗಗಳ ನಡುವೆ ಕೂತ ಧೂಳನ್ನು ಆಮೇಲೆ ತೆಗೆಯುವುದು ಕಟ್ಟಿದ್ದಕ್ಕಿಂತ ನಾಜೂಕಿನ ಕೆಲಸ. ಪೆಟ್ಟಿಗೆಯಲ್ಲಿ ಗಾಳಿಯಾಡಲು ಸಣ್ಣ ಕಿಂಡಿಗಳಿರಲಿ. ಹಳೆಯ ಕಿಟ್‌ಗಳ ಸೀಸದ ಬಿಡಿಭಾಗಗಳು ಮುಚ್ಚಿದ ಪೆಟ್ಟಿಗೆಯಲ್ಲಿ ಮರ ಮತ್ತು ಅಂಟು ಬಿಡುವ ಆಮ್ಲದ ಆವಿಗೆ ಸಿಕ್ಕಿ ಬಿಳಿ ಪುಡಿಯಾಗಿ ಉದುರುತ್ತವೆ. ಅಂಥವಿದ್ದರೆ ಮೊದಲೇ ಹಿತ್ತಾಳೆಯವಕ್ಕೆ ಬದಲಿಸಿಕೊಳ್ಳುವುದು ಲೇಸು.