ತಪ್ಪಲುಪಲ್ಲೆಯೂ ಮನಸ್ಸಿನ ಕುಗ್ಗೂ

ನೇಗಿಲಿನ ಕುಳವನ್ನು ಮಳೆಯಲ್ಲಿ ಬಿಟ್ಟರೆ ತುಕ್ಕು ಹಿಡಿಯುವದನ್ನೂ ಕುಸುಬಿ ಎಣ್ಣೆಯನ್ನು ಬಹುದಿನ ತೆರೆದಿಟ್ಟರೆ ಕಮಟುವಾಸನೆ ಹುಟ್ಟುವದನ್ನೂ ನೀವೆಲ್ಲರು ಬಲ್ಲಿರಿ. ಇವೆರಡೂ ಗಾಳಿಯಲ್ಲಿರುವ ಆಮ್ಲಜನಕದ ಕೆಲಸವೇ. ನಮ್ಮನ್ನು ಬದುಕಿಸುವ ಆ ವಾಯುವು ದೇಹದೊಳಗೂ ಇಂಥ ಕೆಡುಕನ್ನು ಸ್ವಲ್ಪ ಸ್ವಲ್ಪವಾಗಿ ಮಾಡುತ್ತದೆ. ಮೆದುಳು ದೇಹದ ತೂಕದಲ್ಲಿ ನೂರಕ್ಕೆ ೨ ಪಾಲು ಮಾತ್ರವಿದ್ದರೂ ನಾವು ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು ೨೦ ಪಾಲನ್ನು ತಾನೇ ತೆಗೆದುಕೊಳ್ಳುತ್ತದೆ. ಅದರಲ್ಲಿ ಕೊಬ್ಬಿನ ಅಂಶವೂ ಬಹಳ. ಆದದರಿಂದ ಈ ಕೆಡುಕು ಅದಕ್ಕೆ ಬೇಗ ತಗಲುವದು.

ನವಲಗುಂದ ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಮಳೆ ತಪ್ಪಿ, ಸಾಲ ಬೆಳೆದು, ರೈತನ ಚಿಂತೆಯು ತಿಂಗಳುಗಟ್ಟಲೆ ಬಿಡದೆ ನಿಂತರೆ ನಿದ್ರೆ ಕೆಡುವದು, ಹಸಿವು ಅಡಗುವದು, ಯಾವದರಲ್ಲಿಯೂ ಮನಸ್ಸು ನಿಲ್ಲದು. ಇದೇ ಖಿನ್ನತೆಯೆಂಬ ರೋಗ. ಇಂಥವರ ರಕ್ತವನ್ನು ಪರೀಕ್ಷಿಸಿದ ಪಂಡಿತರು ಮೇಲೆ ಹೇಳಿದ ಕೆಡುಕಿನ ಗುರುತುಗಳನ್ನು ಇತರರಲ್ಲಿ ಇರುವದಕ್ಕಿಂತ ಹೆಚ್ಚಾಗಿ ಕಂಡಿದ್ದಾರೆ. ಆದರೆ ಅದು ರೋಗದ ಕಾರಣವೋ ಫಲವೋ ಎಂಬದು ಇನ್ನೂ ನಿರ್ಣಯವಾಗಿಲ್ಲ.

ಈ ಕೆಡುಕನ್ನು ತಡೆಯುವ ಪದಾರ್ಥಗಳು ಸಸ್ಯಗಳಲ್ಲಿ ಉಂಟು. ಉತ್ಕರ್ಷಣ ನಿರೋಧಕಗಳೆಂಬದು ಅವುಗಳ ಹೆಸರು. ಹಂಗೇರಿ ದೇಶದ ಆಲ್ಬರ್ಟ್ ಸೆಂಟ್ ಜಾರ್ಜಿ ಎಂಬ ಪಂಡಿತನು ಆ ಸೀಮೆಯ ಮೆಣಸಿನಕಾಯಿಯಿಂದ ಸಿ ಜೀವಸತ್ವವನ್ನು ಹೇರಳವಾಗಿ ತೆಗೆದನು. ೧೯೩೭ರಲ್ಲಿ ಅವನಿಗೆ ನೊಬೆಲ್ ಬಹುಮಾನವು ದೊರೆಯಿತು. ಕುಂದಗೋಳದ ಹೊಲಗಳಲ್ಲಿ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಯು ಅದೇ ಜಾತಿಯದು. ಒಣಗಿದಾಗ ಆ ಜೀವಸತ್ವವು ಬಹುಮಟ್ಟಿಗೆ ಕಳೆದುಹೋದರೂ ಕಾಯಿಯ ಕೆಂಪು ಬಣ್ಣವೇ ಮತ್ತೊಂದು ನಿರೋಧಕವಾಗಿದೆ. ನವಲಗುಂದದ ಪೇರಲಹಣ್ಣು, ಕಲಘಟಗಿಯ ಮಾವು, ನೆಲ್ಲಿಕಾಯಿ, ಮೆಂತೆಪಲ್ಲೆ, ರೊಟ್ಟಿಯ ಸಂಗಡ ಹಸಿಯಾಗಿ ತಿನ್ನುವ ಹಕ್ಕರಕಿ ಇವುಗಳಲ್ಲಿಯೂ ಇಂಥ ಪದಾರ್ಥಗಳಿವೆ.

ಹಾಗಾದರೆ ಇವು ಖಿನ್ನತೆಯನ್ನು ತಡೆಯುವವೋ? ಆಸ್ಟ್ರೇಲಿಯದಲ್ಲಿ ಖಿನ್ನತೆಯುಳ್ಳ ೬೭ ಮಂದಿಯನ್ನು ಎರಡು ಪಂಗಡ ಮಾಡಿ ೧೨ ವಾರ ಪರೀಕ್ಷಿಸಿದರು. ಅದರ ಫಲವು ೨೦೧೭ರಲ್ಲಿ ಪ್ರಕಟವಾಯಿತು. ಪಲ್ಲೆ, ಹಣ್ಣು, ಕಾಳು, ಮೀನು ಮುಂತಾದ ಒಳ್ಳೇ ಆಹಾರವನ್ನು ಕಲಿತವರಲ್ಲಿ ಮೂವರಿಗೊಬ್ಬರಂತೆ ಗುಣ ಹೊಂದಿದರು. ಮಾತುಕತೆಯ ಸಂಗಡವನ್ನು ಮಾತ್ರ ಪಡೆದವರಲ್ಲಿ ನೂರಕ್ಕೆ ೮ರಂತೆ ಗುಣ ಹೊಂದಿದರು. ಅವರಲ್ಲಿ ಬಹುಮಂದಿ ವೈದ್ಯರ ಚಿಕಿತ್ಸೆಯನ್ನು ಬಿಟ್ಟಿರಲಿಲ್ಲವೆಂಬದನ್ನು ಮರೆಯಬಾರದು. ಪರೀಕ್ಷೆಯೂ ಚಿಕ್ಕದು, ಇದರಿಂದ ಆಶೆಯುಂಟು, ಪೂರ್ಣ ನಿಶ್ಚಯವಿಲ್ಲ.

ಗುಳಿಗೆಗಳಲ್ಲಿ ಈ ಪದಾರ್ಥಗಳನ್ನು ಕೊಳ್ಳುವದು ಲೇಸೆಂದು ಎಣಿಸಬೇಡಿರಿ. ಫಿನ್‌ಲೆಂಡ್ ದೇಶದಲ್ಲಿ ಧೂಮಪಾನಿಗಳಿಗೆ ಬೀಟಾ ಕ್ಯಾರೊಟೀನ್ ಗುಳಿಗೆಗಳನ್ನು ಕೊಟ್ಟು ನೋಡಲಾಗಿ, ಶ್ವಾಸಕೋಶದ ಅರ್ಬುದವು ಕಡಿಮೆಯಾಗದೆ ನೂರಕ್ಕೆ ೧೮ರಷ್ಟು ಹೆಚ್ಚಿತೆಂದು ೧೯೯೪ರಲ್ಲಿ ತಿಳಿದುಬಂತು. ಹೊಲದ ಪಲ್ಲೆಗೆ ಇಂಥ ಅಪಾಯವಿಲ್ಲ.

ಆದಕಾರಣ ಬೆಳೆದದ್ದೆಲ್ಲವನ್ನು ಸಂತೆಗೆ ಕಳುಹಿಸದೆ ಮನೆಯವರ ಪಾಲನ್ನು ಮೊದಲು ತೆಗೆದಿಡಿರಿ. ಆದರೆ ಎರಡು ವಾರ ಕಳೆದರೂ ಕುಗ್ಗು ಬಿಡದವನಿಗೆ ಪಲ್ಲೆಯೊಂದೇ ಸಾಲದು. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ಅವನನ್ನು ಕರೆದುಕೊಂಡು ಹೋಗಲು ನಾಚಬೇಡಿರಿ. ೧೪೪೧೬ ಎಂಬ ಟೆಲಿ ಮಾನಸ್ ದೂರವಾಣಿಯಲ್ಲಿ ಹಗಲಿರುಳು ಕನ್ನಡದಲ್ಲಿ ಉಚಿತವಾಗಿ ಮಾತಾಡಬಹುದು. ಸಾಯುವ ಮಾತನ್ನಾಡುವವನನ್ನು ಒಬ್ಬನನ್ನೇ ಬಿಡಬೇಡಿರಿ. ಹೊಲಕ್ಕೆ ಹೊಡೆಯುವ ವಿಷವನ್ನು ಮನೆಯಲ್ಲಿ ಇಡಬೇಡಿರಿ.