ಮರಿ ಕೊಳ್ಳುವ ಮೊದಲು ತಾಯಿಯನ್ನು ನೋಡಿ: ಮೀನು, ಸಿಗಡಿ ಸಾಕುವವರಿಗೆ ಯಶಸ್ಸಿನ ಸೂತ್ರಗಳು

1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧರಿ ಮತ್ತು ಕೆ.ಎಚ್. ಅಲಿಕುಂಞಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆ ಮೀನಿನಿಂದ ಮೊಟ್ಟೆ ಇಡಿಸಿದರು. ಅಲ್ಲಿಯವರೆಗೆ ಸಾಕಣೆಯ ಮರಿ ಮುಖ್ಯವಾಗಿ ಹೊಳೆಯಿಂದ ಬರುತ್ತಿತ್ತು. ಯಾವ ಹೆಣ್ಣಿಗೆ ಯಾವ ಗಂಡು ಎಂಬುದನ್ನು ಮಳೆಗಾಲದ ನದಿಯೇ ನೋಡಿಕೊಳ್ಳುತ್ತಿತ್ತು. ಈಗ ಆ ಸಂಬಂಧ ಕೂಡಿಸುವ ಹೊಣೆ ಹ್ಯಾಚರಿಯವರದ್ದು. ನಮ್ಮ ಬೆಳೆಗಾರರು ಮೇವು, ಕರೆಂಟು, ಔಷಧಿಗಳ ಲೆಕ್ಕವನ್ನು ಪೈಸೆ ಬಿಡದೆ ಇಡುತ್ತಾರೆ. ವಂಶದ ಲೆಕ್ಕ ಕೇಳುವವರು ಮಾತ್ರ ಕಡಿಮೆ.

1. ದರಕ್ಕಿಂತ ಮೊದಲು ವಂಶ ಕೇಳಿ

ಸಾವಿರ ಮರಿಗೆ ಎಷ್ಟು ಎಂಬುದು ಎರಡನೆಯ ಪ್ರಶ್ನೆ. ತಾಯಿ ಮೀನು ಎಲ್ಲಿಂದ ಬಂತು, ಹೊರಗಿನಿಂದ ಹೊಸದನ್ನು ತಂದು ಎಷ್ಟು ವರ್ಷವಾಯಿತು ಎಂಬುದು ಮೊದಲನೆಯದು. ಅಂಬೇಕರ್ ಏಕನಾಥ್ ಮತ್ತು ರೋಜರ್ ಡಾಯ್ಲ್ ಕರ್ನಾಟಕದ ಹ್ಯಾಚರಿಗಳನ್ನೇ ಅಧ್ಯಯನ ಮಾಡಿ 1990ರಲ್ಲಿ ಒಂದು ಅಂದಾಜು ಪ್ರಕಟಿಸಿದರು: ತಾಯಿ ಮೀನುಗಳಲ್ಲಿ ಒಳಸಂಬಂಧ ಏರುವ ದರ ಶೇ 2ರಿಂದ ಶೇ 17! ತಮ್ಮಲ್ಲೇ ಹುಟ್ಟಿದ ಮರಿಯನ್ನು ಬೆಳೆಸಿ ತಾಯಿ ಮಾಡುವುದು, ಅದರ ಮರಿಯನ್ನು ಮತ್ತೆ ತಾಯಿ ಮಾಡುವುದು. ಹೀಗೇ ನಡೆದರೆ ಅಣ್ಣತಂಗಿಯರೇ ಜೋಡಿಯಾಗುತ್ತಾರೆ. ಬೆಳವಣಿಗೆ ಕುಗ್ಗುತ್ತದೆ, ಬೆನ್ನು ಡೊಂಕಾದ ಮರಿಗಳು ಕಾಣಿಸಿಕೊಳ್ಳುತ್ತವೆ, ಬದುಕಿ ಉಳಿಯುವವು ಕಡಿಮೆಯಾಗುತ್ತವೆ. ರೈತ ಮೇವಿನ ಕಂಪನಿಯನ್ನು ಬೈಯುತ್ತಾನೆ.

ಇದೇ ಏಕನಾಥ್ ಮುಂದೆ ಫಿಲಿಪ್ಪೀನ್ಸ್‌ನ ‘ಗಿಫ್ಟ್’ ತಿಲಾಪಿಯಾ ಯೋಜನೆಯಲ್ಲಿ ದುಡಿದರು. 1988ರಲ್ಲಿ ಶುರುವಾದ ಆ ಕೆಲಸದಲ್ಲಿ ಆಯ್ಕೆಗೆ ಕೈಹಾಕುವ ಮೊದಲು ಈಜಿಪ್ಟ್, ಘಾನಾ, ಕೀನ್ಯಾ, ಸೆನೆಗಲ್‌ಗಳ ಕಾಡು ಮೀನನ್ನೂ ಏಷ್ಯಾದ ನಾಲ್ಕು ಸಾಕು ತಳಿಗಳನ್ನೂ ಕಲೆಹಾಕಿದ್ದರು. ಆರಿಸಬೇಕಾದರೆ ಆರಿಸಲು ಬಗೆಬಗೆಯದು ಇರಬೇಕಲ್ಲ.

2. ಗಂಡು ಮೀನಿನಲ್ಲಿ ಜಿಪುಣತನ ಬೇಡ

ಇದು ಹ್ಯಾಚರಿಯವರಿಗೆ. ಹತ್ತು ಹೆಣ್ಣಿಗೆ ಒಂದು ಗಂಡಿನ ವೀರ್ಯ ಸಾಲುತ್ತದೆ ಎನ್ನುವವರುಂಟು. ಮೊಟ್ಟೆ ಕಟ್ಟುವುದಕ್ಕೆ ಸಾಲಬಹುದು, ತಳಿ ಉಳಿಯುವುದಕ್ಕೆ ಸಾಲದು. ಗಂಡಿನ ಸಂಖ್ಯೆಯನ್ನು ಹೆಣ್ಣಿನ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಮೀನುಗಳಿಂದ ಭಾಗಿಸಿ. 50 ಹೆಣ್ಣು, 5 ಗಂಡು ಇದ್ದರೆ ಉತ್ತರ ಸುಮಾರು 18. ಅಂದರೆ ಮೇವು ತಿನ್ನುವವು 55, ವಂಶದ ಲೆಕ್ಕಕ್ಕೆ ಬರುವವು 18. ಅದೇ 25 ಹೆಣ್ಣು, 25 ಗಂಡು ಇಟ್ಟರೆ ಉತ್ತರ ಪೂರಾ 50. ಮೊದಲನೆಯದರಲ್ಲಿ ಪ್ರತಿ ಪೀಳಿಗೆಗೆ ಒಳಸಂಬಂಧ ಶೇ 2.7ರಷ್ಟು ಏರಿದರೆ ಎರಡನೆಯದರಲ್ಲಿ ಶೇ 1. ಐದು ಮೀನು ಕಡಿಮೆ ಸಾಕಿ ಸಿಕ್ಕ ಲಾಭ ಇದು.

3. ಒಂದೇ ತೊಟ್ಟಿಯಲ್ಲಿ ಮೂರು ಜಾತಿ ಬೇಡ

ಕಾಟ್ಲಾ, ರೋಹು, ಮೃಗಾಲ್ ಮೂರಕ್ಕೂ ಒಟ್ಟಿಗೆ ಚುಚ್ಚಿ ಒಂದೇ ತೊಟ್ಟಿಗೆ ಬಿಟ್ಟರೆ ಅವು ಕುಲ ಕೇಳುವುದಿಲ್ಲ. ಹುಟ್ಟುವ ಬೆರಕೆ ಮರಿಯನ್ನು ಬೆರಳುದ್ದದಲ್ಲಿ ಗುರುತಿಸುವುದು ಕಷ್ಟ. ಅದೇ ಬೆಳೆದು ತಾಯಿಯಾದರೆ ಶುದ್ಧ ತಳಿಯ ಕಥೆ ಮುಗಿಯಿತು.

4. ‘ಜಯಂತಿ’ ಎಂಬ ಫಲಕ ಸಾಲದು

ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನುಕೃಷಿ ಸಂಸ್ಥೆ 1992ರಲ್ಲಿ ನಾರ್ವೆಯ ತಜ್ಞರೊಂದಿಗೆ ರೋಹು ತಳಿ ಸುಧಾರಣೆಗೆ ಕೈಹಾಕಿತು. ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರಗಳ ಮೀನನ್ನೂ ಸಂಸ್ಥೆಯ ಕೊಳದ ಮೀನನ್ನೂ ಕೂಡಿಸಿ, ಪ್ರತಿ ಕುಟುಂಬದ ಮರಿಗಳಿಗೆ ಗುರುತು ಹಾಕಿ ಬೆಳೆಸಿ, ಚೆನ್ನಾಗಿ ಬೆಳೆದ ಕುಟುಂಬಗಳಿಂದ ಮುಂದಿನ ಪೀಳಿಗೆ ತೆಗೆದರು. ಜೀನ್ ಕತ್ತರಿಸುವ ಕಸುಬು ಇದರಲ್ಲಿಲ್ಲ. ಪ್ರತಿ ಪೀಳಿಗೆಗೆ ಬೆಳವಣಿಗೆ ಸರಾಸರಿ ಶೇ 17ರಷ್ಟು ಹೆಚ್ಚಿತು. ಸ್ವಾತಂತ್ರ್ಯದ ಸುವರ್ಣ ವರ್ಷವಾದ 1997ರಲ್ಲಿ ಬಿಡುಗಡೆಯಾದ್ದರಿಂದ ಜಯಂತಿ ಎಂಬ ಹೆಸರು.

ಆದರೆ ಜಯಂತಿ ಹೆಣ್ಣಿಗೆ ಊರಿನ ರೋಹು ಗಂಡು ಕೂಡಿಸಿದರೆ ಮರಿಗೆ ದಕ್ಕುವುದು ಅರ್ಧ ಪಾಲು. ತಾಯಿ, ತಂದೆ ಎರಡೂ ಯಾವ ವರ್ಷ, ಯಾವ ಕೇಂದ್ರದಿಂದ ಬಂದವು ಎಂಬ ದಾಖಲೆ ಕೇಳಿ. ತೋರಿಸಲು ಗೊಣಗಿದರೆ ನಿಮಗೆ ಉತ್ತರ ಸಿಕ್ಕಿತು.

5. ಕೆರೆಗೆ ತಡವಾಗಿ ಬಲಿಯುವ ತಳಿ ಬಿಡಿ

ನಮ್ಮ ಕೆರೆಗಳ ಹಳೆಯ ಸಾಮಾನ್ಯ ಗೆಂಡೆಯ ದೋಷ ಇದೇ: ಮಾರುಕಟ್ಟೆಯ ಗಾತ್ರಕ್ಕೆ ಬರುವ ಮೊದಲೇ ಮೊಟ್ಟೆ ತುಂಬಿಕೊಳ್ಳುತ್ತದೆ, ಕೆರೆಯಲ್ಲೇ ಮರಿ ಮಾಡುತ್ತದೆ, ಮೇವೆಲ್ಲ ಆ ಸಂಸಾರಕ್ಕೇ ಹೋಗುತ್ತದೆ. ಹಂಗೇರಿಯಿಂದ ಬಂದ ಅಮೂರ್ ತಳಿಯನ್ನು ಕರ್ನಾಟಕದ ಮೀನುಗಾರಿಕೆ ವಿಜ್ಞಾನಿಗಳು ಬೆಳೆಸಿ ನೋಡಿದ್ದು ಅದಕ್ಕಾಗಿ. ತಡವಾಗಿ ಬಲಿಯುತ್ತದೆ, ಬೇಗ ಬೆಳೆಯುತ್ತದೆ.

6. ರೋಗಮುಕ್ತ ಎಂದರೆ ರೋಗನಿರೋಧಕ ಅಲ್ಲ

ಸಿಗಡಿ ಬೆಳೆಗಾರರು ಅತಿ ಹೆಚ್ಚು ಹಣ ಕಳೆದುಕೊಳ್ಳುವ ತಪ್ಪುತಿಳಿವಳಿಕೆ ಇದು ಎಂದು ನನ್ನ ಅನಿಸಿಕೆ. 2009ರಲ್ಲಿ ವೆನಾಮಿ ಸಿಗಡಿಗೆ ಭಾರತದಲ್ಲಿ ಅನುಮತಿ ಸಿಕ್ಕಿತು. ವಿದೇಶದ ‘ಎಸ್‌ಪಿಎಫ್’ ತಾಯಿ ಸಿಗಡಿ ಚೆನ್ನೈನ ಕ್ವಾರಂಟೈನ್ ಕೇಂದ್ರದ ಮೂಲಕ ಹ್ಯಾಚರಿ ಸೇರುತ್ತದೆ. ಎಸ್‌ಪಿಎಫ್ ಎಂದರೆ ಪಟ್ಟಿಯಲ್ಲಿ ಹೆಸರಿಸಿದ ರೋಗಾಣುಗಳು ಅದರಲ್ಲಿಲ್ಲ, ಅಷ್ಟೇ. ಪಟ್ಟಿಯಾಚೆಗಿನವುಗಳ ಮಾತು ಅದರಲ್ಲಿಲ್ಲ. ನಿಮ್ಮ ಹೊಂಡಕ್ಕೆ ಬಿಳಿಚುಕ್ಕೆ ವೈರಸ್ ಬಂದರೆ ಎಸ್‌ಪಿಎಫ್ ಮರಿಯೂ ಉಳಿದ ಸಿಗಡಿಯಂತೆಯೇ ಸಾಯುತ್ತದೆ. ಈ ರೋಗಕ್ಕೆ ನಿರೋಧಕ ತಳಿ ತೆಗೆಯಲು ಸಂಶೋಧಕರು ಬಹಳ ಹೆಣಗಿದ್ದಾರೆ. ಗುಣ ತಾಯಿಯಿಂದ ಮರಿಗೆ ದಾಟುವ ಪ್ರಮಾಣವೇ ತೀರ ಕಡಿಮೆ. ಸಿಗಡಿಯ ಮೈಯಲ್ಲಿ ನಮ್ಮಂತೆ ಪ್ರತಿಕಾಯಗಳೂ ಇಲ್ಲ. ‘ಸಿಗಡಿಗೆ ಲಸಿಕೆ’ ಎಂದು ಡಬ್ಬಿ ತಂದವರನ್ನು ಎರಡು ಪ್ರಶ್ನೆ ಹೆಚ್ಚು ಕೇಳಿ.

ಉಳಿದ ದಾರಿ ಬೇಲಿ. ಏಡಿ ನುಸುಳದ ತಡೆ, ಹಕ್ಕಿ ಇಳಿಯದ ಬಲೆ, ನೀರನ್ನು ಮೊದಲು ಬೇರೆ ಹೊಂಡದಲ್ಲಿ ತಡೆದು ಶುದ್ಧಿ ಮಾಡುವುದು. ಅಘನಾಶಿನಿ ಹೊಳೆಯ ದಂಡೆಯ ಗಜನಿಗಳಲ್ಲಿ, ಅಂದರೆ ಉಪ್ಪುನೀರಿನ ತಗ್ಗು ಗದ್ದೆಗಳಲ್ಲಿ, ಒಬ್ಬರು ಬಿಟ್ಟ ನೀರು ಇನ್ನೊಬ್ಬರ ತೂಬಿನೊಳಗೆ ಹೋಗುತ್ತದೆ. ರೋಗದ ಹೊಂಡವನ್ನು ರಾತ್ರೋರಾತ್ರಿ ಹೊಳೆಗೆ ಬಿಡುವವರು ಮುಂದಿನ ಭರತದಲ್ಲಿ ಅದನ್ನೇ ಒಳಗೆ ತೆಗೆದುಕೊಳ್ಳುತ್ತಾರೆ.

7. ಒಂದೇ ಜೀನಿನ ಕನಸು ಕಾಣಬೇಡಿ

ಸಾಲ್ಮನ್ ಮೀನಿಗೆ ಬರುವ ಐಪಿಎನ್ ಎಂಬ ವೈರಸ್ ರೋಗದಲ್ಲಿ ಅದೃಷ್ಟ ಒಲಿದದ್ದು ನಿಜ. ನಿರೋಧಕ ಗುಣದ ಬಹುಪಾಲು ಒಂದೇ ವರ್ಣತಂತುವಿನ ಒಂದು ತಾಣದಲ್ಲಿದೆ ಎಂದು ಸ್ಕಾಟ್ಲೆಂಡ್ ಮತ್ತು ನಾರ್ವೆಯ ಸಂಶೋಧಕರು 2008ರ ಆಸುಪಾಸಿನಲ್ಲಿ ಕಂಡುಕೊಂಡರು. ಆ ಗುರುತು ನೋಡಿ ತಾಯಿ ಮೀನು ಆರಿಸತೊಡಗಿದ ಮೇಲೆ ನಾರ್ವೆಯಲ್ಲಿ ರೋಗ ಗಣನೀಯವಾಗಿ ಇಳಿಯಿತು. ಹೆಚ್ಚಿನ ರೋಗಗಳಲ್ಲಿ ಹತ್ತಾರು ಜೀನುಗಳು ಒಂದೊಂದು ಚಿಟಿಕೆ ಕೊಡುತ್ತವೆ. ಡಿಎನ್‌ಎ ಹೆಸರು ಹೇಳಿ ಮರಿಗೆ ದುಪ್ಪಟ್ಟು ದರ ಕೇಳಿದರೆ ಕಾದು ನೋಡಿ.

8. ಹತ್ತು ಮರಿ ನೋಡಿ ಲಕ್ಷ ಮರಿ ಕೊಳ್ಳಬೇಡಿ

ಪಿಸಿಆರ್ ವರದಿಯಲ್ಲಿ ‘ನೆಗೆಟಿವ್’ ಎಂದಿದ್ದರೆ ಎಷ್ಟು ಮರಿ ಪರೀಕ್ಷಿಸಿದರು ಎಂದು ಕೇಳಿ. ನೂರಕ್ಕೆ 5 ಮರಿಗೆ ಸೋಂಕಿದ್ದರೆ ಅದನ್ನು ಶೇ 95ರ ಭರವಸೆಯಿಂದ ಹಿಡಿಯಲು 60 ಮರಿ ಬೇಕು. ನೂರಕ್ಕೆ 2 ಇದ್ದರೆ 150. ಹತ್ತು ಮರಿಯ ವರದಿ ಬರೀ ಕಾಗದ.

9. ಹೊಂಡ ಒಣಗಿದ್ದಾಗಲೇ ಸುಣ್ಣ ಹಾಕಿ

2009ರಲ್ಲಿ ಥಾಯ್ಲೆಂಡ್‌ನಲ್ಲಿ ಹೆಸರು ಪಡೆದ ಇಎಚ್‌ಪಿ ಎಂಬ ಸೂಕ್ಷ್ಮಜೀವಿ ಸಿಗಡಿಯನ್ನು ಸಾಮಾನ್ಯವಾಗಿ ಸಾಯಿಸುವುದಿಲ್ಲ, ಬೆಳೆಯಲು ಬಿಡುವುದಿಲ್ಲ. ಸತ್ತರೆ ಮೇವು ನಿಲ್ಲಿಸಬಹುದು. ಇದರಲ್ಲಿ ಮೇವು ಸುರಿಯುತ್ತಲೇ ಇರಬೇಕು. ಅದರ ಬೀಜಾಣು ಗಟ್ಟಿಪಿಂಡ. ಹೆಕ್ಟೇರಿಗೆ 6 ಟನ್, ಅಂದರೆ ಎಕರೆಗೆ ಸುಮಾರು 2.4 ಟನ್ ಸುಟ್ಟ ಸುಣ್ಣವನ್ನು 10–12 ಸೆಂ.ಮೀ. ಆಳಕ್ಕೆ ಉತ್ತು ಬೆರೆಸಿ ನೀರು ಹಾಯಿಸಿ. ಮಣ್ಣಿನ ಪಿಎಚ್ 12ಕ್ಕೆ ಏರಬೇಕು. ಅಗ್ಗವೆಂದು ಕೃಷಿ ಸುಣ್ಣ ತಂದರೆ ಅಷ್ಟಕ್ಕೆ ಏರುವುದಿಲ್ಲ.

10. ಆ್ಯಂಟಿಬಯೋಟಿಕ್ ತೊಟ್ಟಿಯಿಂದ ದೂರವಿರಲಿ

ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು ಮಂಗಳೂರಿನ ಮೀನುಗಾರಿಕೆ ಕಾಲೇಜಿನಿಂದ 1994ರಲ್ಲೇ ಎಚ್ಚರಿಸಿದ್ದರು: ಹ್ಯಾಚರಿಯಲ್ಲಿ ಸಿಗಡಿ ಮರಿಗಳು ಸಾಮೂಹಿಕವಾಗಿ ಸತ್ತದ್ದು ಔಷಧಿಗೆ ಜಗ್ಗದ ವಿಬ್ರಿಯೊ ಹಾರ್ವೆಯಿಯಿಂದ. ಅವರ ತಂಡ ಮುಂದೆ ಆ ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್‌ಗಳನ್ನೇ ಹ್ಯಾಚರಿಗೆ ಬಿಟ್ಟು ನೋಡಿತು. ನಮ್ಮದೇ ಕರಾವಳಿಯ ಈ ಕೆಲಸ ನಮ್ಮ ಬೆಳೆಗಾರರಿಗಿಂತ ಹೊರನಾಡಿನವರಿಗೆ ಹೆಚ್ಚು ಗೊತ್ತು.

11. ಎರಡು ಹ್ಯಾಚರಿಯ ಮರಿಯನ್ನು ಒಂದೇ ಹೊಂಡದಲ್ಲಿ ಓಡಿಸಿ

ಬೇರೆ ಬೇರೆ ಹೊಂಡದಲ್ಲಿ ಬಿಟ್ಟರೆ ಗೆದ್ದದ್ದು ತಳಿಯೋ ಹೊಂಡವೋ ತಿಳಿಯದು. ಒಂದೇ ವಯಸ್ಸಿನ, ಒಂದೇ ಗಾತ್ರದ ಮೀನುಮರಿ ಆರಿಸಿ. ಒಂದು ಹ್ಯಾಚರಿಯವಕ್ಕೆ ಹೊಟ್ಟೆಯಡಿಯ ಎಡ ರೆಕ್ಕೆ, ಇನ್ನೊಂದರವಕ್ಕೆ ಬಲ ರೆಕ್ಕೆ ಕತ್ತರಿಸಿ ಒಟ್ಟಿಗೆ ಬಿಡಿ. ಇಬ್ಬರಿಗೂ ಕತ್ತರಿ ಬಿದ್ದರೇ ನ್ಯಾಯ. ಆರು ತಿಂಗಳಾದ ಮೇಲೆ ಎರಡೂ ಕಡೆಯಿಂದ 30 ಮೀನಾದರೂ ಹಿಡಿದು ತೂಗಿ. ನಾಲ್ಕೈದು ಮೀನಿನ ಸರಾಸರಿ ಹಿಡಿದುಕೊಂಡು ಹ್ಯಾಚರಿಯವರೊಂದಿಗೆ ಜಗಳಕ್ಕೆ ಹೋಗಬೇಡಿ.